ಹೃದಯದ ಗುಳಿಗೆಯೂ ವ್ರತದ ವಿವೇಕವೂ

ಶರೀರ ಬೇರೆ, ಆತ್ಮ ಬೇರೆ ಎಂಬ ಭೇದವಿಜ್ಞಾನದ ಮಾತನ್ನು ಬಾಲ್ಯದಿಂದಲೇ ಕೇಳುತ್ತ ಬೆಳೆಯುವ ಮನೆಗಳಲ್ಲಿ ಇಂದು ಒಂದು ಪುಟ್ಟ ವಸ್ತು ದೊಡ್ಡ ಪ್ರಶ್ನೆಯೊಂದನ್ನು ತಂದಿಟ್ಟಿದೆ. ಅದು ಹೃದಯದ ಗುಳಿಗೆ. ಜ್ವರದ ಔಷಧಿಗೆ ಒಂದು ಕೊನೆಯುಂಟು. ಗಾಯದ ಮುಲಾಮಿಗೂ ಒಂದು ಕೊನೆಯುಂಟು. ಹೃದಯದ ಗುಳಿಗೆಗೆ ಹಾಗಿಲ್ಲ. ಎದೆನೋವು ಬಂದು ಹೋದ ಮೇಲೆ, ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡ ಮೇಲೆ, ಕೆಲವೊಮ್ಮೆ ಯಾವ ನೋವೂ ಇಲ್ಲದೆ ರಕ್ತಪರೀಕ್ಷೆಯ ಕಾಗದದಲ್ಲಿ ಕೊಲೆಸ್ಟರಾಲ್ ಹೆಚ್ಚೆಂದು ಕಂಡ ಮೇಲೆ, ವೈದ್ಯರು ಬರೆದುಕೊಡುವ ಗುಳಿಗೆಗಳನ್ನು ದಿನವೂ, ಬಹುತೇಕ ಜೀವನಪರ್ಯಂತ, ಸೇವಿಸಬೇಕಾಗುತ್ತದೆ. ಹೀಗೆ ಅದು ನಿತ್ಯಕರ್ಮದ ಸಾಲಿಗೆ ಸೇರುತ್ತದೆ. ನಿತ್ಯಕರ್ಮದ ಸಾಲಿಗೆ ಸೇರಿದ್ದೆಲ್ಲವೂ ಧರ್ಮವಿಚಾರಕ್ಕೆ ಒಳಪಡುವುದು ಸಹಜ.

ಅರವತ್ತು ದಾಟಿದ ಶ್ರಾವಕರೊಬ್ಬರನ್ನು ಕಲ್ಪಿಸಿಕೊಳ್ಳಬಹುದು. ವರ್ಷದ ಹಿಂದೆ ಅವರಿಗೆ ಹೃದಯಾಘಾತವಾಗಿತ್ತು. ಈಗ ತೋಟಕ್ಕೆ ಹೋಗಿ ಬರುತ್ತಾರೆ, ಬಸದಿಯ ಮೆಟ್ಟಿಲನ್ನು ಉಬ್ಬಸವಿಲ್ಲದೆ ಹತ್ತುತ್ತಾರೆ. ದಶಲಕ್ಷಣ ಪರ್ವ ಬರುತ್ತದೆ. ಹತ್ತು ದಿನಗಳ ಮಟ್ಟಿಗೆ ಗುಳಿಗೆಯ ಡಬ್ಬಿಯನ್ನು ಅವರು ಗೂಡಿನಲ್ಲಿಟ್ಟುಬಿಡುತ್ತಾರೆ. ಕೇಳಿದರೆ ಮೂರು ಸಮಾಧಾನಗಳಿವೆ. ವ್ರತದ ದಿನಗಳಲ್ಲಿ ಹೊತ್ತುಹೊತ್ತಿಗೆ ಏನನ್ನಾದರೂ ನುಂಗುವುದು ಸರಿಯಲ್ಲ ಎಂಬುದು ಒಂದು. ಗುಳಿಗೆಗಳಲ್ಲಿ ಪ್ರಾಣಿಜನ್ಯ ವಸ್ತುಗಳಿರುತ್ತವೆಯಂತೆ ಎಂಬುದು ಎರಡನೆಯದು. ನಶ್ವರವಾದ ಈ ದೇಹವನ್ನು ಎಷ್ಟೆಂದು ಪೋಷಿಸುವುದು ಎಂಬುದು ಮೂರನೆಯದು. ಮೂರರಲ್ಲಿಯೂ ಧರ್ಮದ ಭಾಷೆಯಿದೆ. ಆ ಭಾಷೆಯ ಹಿಂದೆ ಧರ್ಮವೂ ಇದೆಯೇ ಎಂಬುದನ್ನು ನಿಧಾನವಾಗಿ ಪರಿಶೀಲಿಸಬೇಕಾಗಿದೆ. ಏಕೆಂದರೆ ಇಲ್ಲಿ ಪಣಕ್ಕಿರುವುದು ಒಂದು ಜೀವ, ಒಂದು ಸಂಸಾರ.

ಘಟ್ಟದ ಮೇಲಿನ ಮೂರು ತಾಲ್ಲೂಕುಗಳು

ಶಿರಸಿ, ಸಿದ್ದಾಪುರ, ಯಲ್ಲಾಪುರಗಳು ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ತಾಲ್ಲೂಕುಗಳು. ಅಡಿಕೆ ತೋಟ, ಸೊಪ್ಪಿನ ಬೆಟ್ಟ, ದಟ್ಟ ಕಾಡು, ಒಂದಕ್ಕೊಂದು ದೂರವಾಗಿ ನಿಂತ ಮನೆಗಳು ಇಲ್ಲಿನ ಜೀವನದ ಚೌಕಟ್ಟು. ಶಿರಸಿಯ ಸಮೀಪದ ಸೋಂದೆಯಲ್ಲಿ ಜೈನಮಠವಿದೆ. ಸಿದ್ದಾಪುರ ತಾಲ್ಲೂಕಿನ ಬಿಳಗಿಯಲ್ಲಿ ರತ್ನತ್ರಯ ಬಸದಿಯಿದೆ. ಜೈನರ ಸಂಖ್ಯೆ ಇಂದು ಇಲ್ಲಿ ದೊಡ್ಡದಲ್ಲವಾದರೂ ನೋಂಪಿ, ಉಪವಾಸ, ರಾತ್ರಿಭೋಜನ ತ್ಯಾಗಗಳ ಸಂಸ್ಕಾರ ಹಳೆಯದು. ವ್ಯಾಪಾರಕ್ಕೆಂದು ಬಂದು ನೆಲೆಸಿದ ಶ್ವೇತಾಂಬರ ಮನೆಗಳಲ್ಲಿಯೂ ಪರ್ಯುಷಣದ ಶ್ರದ್ಧೆ ಅಷ್ಟೇ ಗಾಢವಾಗಿದೆ.

ಈ ಸೀಮೆಯಲ್ಲಿ ಹೃದಯದ ರೋಗಿಗೆ ಎದುರಾಗುವ ಮೊದಲ ಕಷ್ಟ ದಾರಿ. ಯಲ್ಲಾಪುರದಿಂದ ಹುಬ್ಬಳ್ಳಿಗೆ ಸುಮಾರು 70 ಕಿಲೋಮೀಟರು. ಶಿರಸಿಯಿಂದ ಸುಮಾರು 100. ಕರಾವಳಿಯ ಕಡೆಗೆ ಹೊರಟರೆ ದೇವಿಮನೆ ಘಟ್ಟವನ್ನೋ ಅರಬೈಲು ಘಟ್ಟವನ್ನೋ ಇಳಿಯಬೇಕು. ಶಿರಸಿಯಲ್ಲಿ ಸರ್ಕಾರದ ಪಂಡಿತ ಆಸ್ಪತ್ರೆಯಿದೆ, ತೋಟಗಾರರ ಸಹಕಾರಿ ಸಂಘ ಕಟ್ಟಿದ ಟಿ.ಎಸ್.ಎಸ್. ಆಸ್ಪತ್ರೆಯಿದೆ. ಆದರೆ ಹೃದಯದ ಹೆಚ್ಚಿನ ಚಿಕಿತ್ಸೆಗೆಂದು ಬಹುತೇಕರು ಹುಬ್ಬಳ್ಳಿ, ಧಾರವಾಡ, ಮಣಿಪಾಲ, ಮಂಗಳೂರುಗಳಿಗೆ ಹೋಗುತ್ತ ಬಂದಿದ್ದಾರೆ. ಜಿಲ್ಲೆಗೆ ಸುಸಜ್ಜಿತ ಆಸ್ಪತ್ರೆ ಬೇಕೆಂದು 2019ರಲ್ಲಿ ಜನ ದನಿಯೆತ್ತಿದ್ದರು. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯೊಬ್ಬರನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಬಳಿಯ ಶಿರೂರು ಟೋಲ್ ಗೇಟಿನಲ್ಲಿ ಉರುಳಿ ನಾಲ್ವರು ಮೃತರಾದಾಗ ಆ ಕೂಗು ಮತ್ತೆ ಎದ್ದಿತು.

ಹೃದಯದ ರಕ್ತನಾಳ ಮುಚ್ಚಿಕೊಂಡಾಗ ಸ್ನಾಯು ನಿಮಿಷ ನಿಮಿಷಕ್ಕೂ ನಾಶವಾಗುತ್ತ ಹೋಗುತ್ತದೆ. ನಗರದಲ್ಲಿರುವವನಿಗೆ ಅರ್ಧ ಗಂಟೆಯ ದಾರಿ. ಕಾಲುಸಂಕ ದಾಟಿ ರಸ್ತೆ ಸೇರಬೇಕಾದ ಹಳ್ಳಿಯವನಿಗೆ ಅದೇ ಅರ್ಧ ದಿನ. ದಶಲಕ್ಷಣವಾಗಲಿ ಪರ್ಯುಷಣವಾಗಲಿ ಬರುವುದು ಇನ್ನೂ ಮಳೆ ಬಿಡದ ದಿನಗಳಲ್ಲಿ. ರಸ್ತೆ ಅತ್ಯಂತ ಕಠಿಣವಾಗಿರುವ ಕಾಲದಲ್ಲಿಯೇ ಗುಳಿಗೆ ಗೂಡು ಸೇರುತ್ತದೆ. ಮಳೆಗಾಲಕ್ಕೆಂದು ಕಟ್ಟಿಗೆ, ಹಪ್ಪಳ, ಉಪ್ಪಿನಕಾಯಿಗಳನ್ನು ಕೂಡಿಡುವ ಮನೆ ಒಂದು ತಿಂಗಳಿಗೆ ಬೇಕಾದ ಗುಳಿಗೆಯನ್ನೂ ಹೆಚ್ಚಾಗಿ ತಂದಿಟ್ಟುಕೊಂಡರೆ ಅದನ್ನು ಪರಿಗ್ರಹವೆನ್ನಲಾಗದು. ಆಸ್ಪತ್ರೆ ದೂರವಿರುವ ನಾಡಿನಲ್ಲಿ ಮನೆಯ ಗೂಡಿನಲ್ಲಿರುವ ಔಷಧಿಯೇ ಹತ್ತಿರದ ಆಸ್ಪತ್ರೆ.

ಕಾಣದ ಫಲ

ಗುಳಿಗೆಯನ್ನು ಬಿಡುವವರೆಲ್ಲರೂ ವ್ರತದ ಕಾರಣಕ್ಕೆ ಬಿಡುವುದಿಲ್ಲ. ಚೆನ್ನಾಗಿದ್ದೇನೆ ಎಂಬ ಭಾವನೆಯೇ ಅನೇಕರಿಗೆ ಸಾಕು. ಸ್ಟ್ಯಾಟಿನ್ ಎಂಬ ವರ್ಗದ ಔಷಧಿಗಳ ವಿಷಯದಲ್ಲಿ ಇದು ಹೆಚ್ಚು. ಅಟೊರ್ವಾಸ್ಟ್ಯಾಟಿನ್, ರೊಸುವಾಸ್ಟ್ಯಾಟಿನ್ ಎಂಬ ಹೆಸರುಗಳು ಈಗ ಹಳ್ಳಿಯ ಮನೆಗಳಿಗೂ ಪರಿಚಿತ. ಇವುಗಳನ್ನು ನುಂಗಿದರೆ ನೋವು ಇಳಿಯುವುದಿಲ್ಲ, ನಿದ್ರೆ ಬರುವುದಿಲ್ಲ, ಹಸಿವೆ ಹೆಚ್ಚುವುದಿಲ್ಲ. ಬಿಟ್ಟರೂ ಮರುದಿನ ಯಾವ ವ್ಯತ್ಯಾಸವೂ ತಿಳಿಯುವುದಿಲ್ಲ.

ಮಾಂಸ ಮೊಟ್ಟೆಗಳನ್ನು ಮುಟ್ಟದ ಮನೆಗೆ ಕೊಲೆಸ್ಟರಾಲ್ ಎಲ್ಲಿಂದ ಬಂತು ಎಂದು ಕೇಳುವವರಿದ್ದಾರೆ. ಸಸ್ಯಾಹಾರದಲ್ಲಿ ಕೊಲೆಸ್ಟರಾಲ್ ಇಲ್ಲವೆಂಬಷ್ಟು ಅತ್ಯಲ್ಪ; ಹಾಲು ತುಪ್ಪಗಳಲ್ಲಿ ಸ್ವಲ್ಪ ಉಂಟು. ಆದರೆ ದೇಹದ ಕೊಲೆಸ್ಟರಾಲಿನ ಹೆಚ್ಚಿನ ಭಾಗವನ್ನು ಯಕೃತ್ತು ತಾನೇ ತಯಾರಿಸುತ್ತದೆ. ತುಪ್ಪ, ತೆಂಗಿನೆಣ್ಣೆಗಳ ಜಿಡ್ಡು ಮಿತಿಮೀರಿದರೆ ರಕ್ತದಲ್ಲಿ ಅದು ಏರುತ್ತದೆ. ಕೆಲವು ವಂಶಗಳಲ್ಲಿ ಹುಟ್ಟಿನಿಂದಲೇ ಹೆಚ್ಚಿರುತ್ತದೆ. ಸ್ಟ್ಯಾಟಿನ್ ಯಕೃತ್ತಿನ ಈ ತಯಾರಿಕೆಗೆ ಬೇಕಾದ ಒಂದು ಕಿಣ್ವವನ್ನು ತಡೆಯುತ್ತದೆ. ಆಗ ಯಕೃತ್ತು ರಕ್ತದಲ್ಲಿರುವ ಕೆಟ್ಟ ಕೊಲೆಸ್ಟರಾಲನ್ನು ಹೆಚ್ಚಾಗಿ ಸೆಳೆದುಕೊಳ್ಳುತ್ತದೆ. ನಾಳಗಳ ಗೋಡೆಯಲ್ಲಿ ಜಿಡ್ಡು ಕೂಡುವುದು ನಿಧಾನವಾಗುತ್ತದೆ. ಆದ್ದರಿಂದ ಶುದ್ಧ ಶಾಕಾಹಾರಿಯೆಂಬ ಸಮಾಧಾನವೊಂದೇ ಹೃದಯಕ್ಕೆ ಕವಚವಾಗದು.

ಈ ಔಷಧಿಯ ಲಾಭವೆಷ್ಟು ಎಂಬುದಕ್ಕೆ ಸ್ಪಷ್ಟವಾದ ಲೆಕ್ಕವಿದೆ. 1994ರಲ್ಲಿ ಸ್ಕ್ಯಾಂಡಿನೇವಿಯಾದ ದೇಶಗಳಿಂದ ಒಂದು ಪ್ರಸಿದ್ಧ ಅಧ್ಯಯನ ಪ್ರಕಟವಾಯಿತು. ಮೊದಲೇ ಹೃದಯದ ಕಾಯಿಲೆಯಿದ್ದ 4,444 ಜನರಲ್ಲಿ 2,221 ಮಂದಿಗೆ ಸಿಮ್ವಾಸ್ಟ್ಯಾಟಿನ್, 2,223 ಮಂದಿಗೆ ಔಷಧವಿಲ್ಲದ ಹುಸಿ ಗುಳಿಗೆ. ಐದು ವರ್ಷಕ್ಕೂ ಮಿಕ್ಕಿದ ಅವಧಿಯಲ್ಲಿ ಹುಸಿ ಗುಳಿಗೆಯವರಲ್ಲಿ 256 ಜನ ಸತ್ತರು. ಔಷಧಿ ತೆಗೆದುಕೊಂಡವರಲ್ಲಿ 182 ಜನ. ನೂರಕ್ಕೆ ಹನ್ನೆರಡರ ಬದಲು ಎಂಟು.

ಈ ಸಂಖ್ಯೆಗಳಲ್ಲಿ ಒಂದು ನೀತಿಪಾಠವಿದೆ. ನೂರು ಜನ ಐದು ವರ್ಷ ಗುಳಿಗೆ ನುಂಗಿದರೆ ನಾಲ್ವರು ಹೆಚ್ಚಾಗಿ ಬದುಕುತ್ತಾರೆ. ಆ ನಾಲ್ವರು ಯಾರೆಂದು ಯಾರಿಗೂ ತಿಳಿಯುವುದಿಲ್ಲ. ಬದುಕಿದವನು ತಾನು ಗುಳಿಗೆಯಿಂದಲೇ ಬದುಕಿದೆನೆಂದು ಹೇಳಲಾರ. ಗುಳಿಗೆಯಿಲ್ಲದೆಯೂ ಬದುಕುತ್ತಿದ್ದ ಎಂಬತ್ತೆಂಟು ಜನರಲ್ಲಿ ತಾನೊಬ್ಬನಿರಬಹುದು ಎಂಬುದನ್ನು ಅಲ್ಲಗಳೆಯಲಾರ. ಫಲವನ್ನು ಕಣ್ಣಾರೆ ಕಂಡ ಮೇಲೆಯೇ ನಡೆಯುತ್ತೇನೆ ಎನ್ನುವವನಿಗೆ ಇದು ರುಚಿಸದು. ಆದರೆ ವ್ರತಸ್ಥನಿಗೆ ಇದು ಅಪರಿಚಿತವಾದ ಮಾರ್ಗವೇನಲ್ಲ. ಸಂವರದ ಫಲ ಸಂಜೆಗೇ ಕೈಸೇರುವುದಿಲ್ಲ. ಬಾರದೆ ಹೋದ ಕರ್ಮವನ್ನು ಎಣಿಸಿದವರಿಲ್ಲ. ಬಾರದೆ ಹೋದ ಹೃದಯಾಘಾತವನ್ನೂ ಎಣಿಸುವಂತಿಲ್ಲ. ಕಾಣದ ಕೇಡಿನ ಬಾಗಿಲನ್ನು ದಿನವೂ ಮುಚ್ಚುತ್ತಿರುವುದೇ ಇಲ್ಲಿ ಸಾಧನೆ.

ದುಷ್ಪರಿಣಾಮಗಳ ಭಯವೂ ಔಷಧಿ ಬಿಡುವುದಕ್ಕೆ ಒಂದು ಕಾರಣ. ಕೆಲವರಿಗೆ ಮೈಕೈ ನೋವು ಬರುವುದುಂಟು. ಸಕ್ಕರೆಯ ಪ್ರಮಾಣ ತುಸು ಏರುವುದುಂಟು. ಬಹಳ ಅಪರೂಪವಾಗಿ ಸ್ನಾಯುಗಳಿಗೆ ತೀವ್ರ ಹಾನಿಯಾಗುವುದೂ ಉಂಟು. ಇವನ್ನು ವೈದ್ಯರ ಮುಂದಿಡಬೇಕು. ಆದರೆ ಮನಸ್ಸಿನ ಪಾಲೂ ದೊಡ್ಡದು. ತೊಂದರೆಯಾಯಿತೆಂದು ಸ್ಟ್ಯಾಟಿನ್ ಬಿಟ್ಟಿದ್ದ 60 ಜನರ ಮೇಲೆ ಬ್ರಿಟನ್ನಿನಲ್ಲಿ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಗುಳಿಗೆಯ ತಿಂಗಳುಗಳಲ್ಲಿ ಕಂಡ ತೊಂದರೆಯ ಶೇಕಡ 90ರಷ್ಟು ಹುಸಿ ಗುಳಿಗೆಯ ತಿಂಗಳುಗಳಲ್ಲಿಯೂ ಕಂಡುಬಂದಿತು. ನೋವು ಸುಳ್ಳಾಗಿರಲಿಲ್ಲ, ನೋವಿನ ಕಾರಣವೆಂದು ನಂಬಿದ್ದು ತಪ್ಪಾಗಿತ್ತು. ನಿಮಿತ್ತವನ್ನೂ ಉಪಾದಾನವನ್ನೂ ಬೇರ್ಪಡಿಸಿ ನೋಡಲು ಕಲಿಸುವ ದರ್ಶನದವರಿಗೆ ಇದರ ಅರ್ಥ ಬೇಗ ಹೊಳೆಯಬೇಕು.

ಹೆದರಿಕೆಯೂ ಒಳ್ಳೆಯ ಗುರುವಲ್ಲ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜಕುಮಾರ್ 46ನೆಯ ವಯಸ್ಸಿನಲ್ಲಿ ಹೃದಯಸ್ತಂಭನದಿಂದ ನಿಧನರಾದಾಗ, 2025ರ ಜೂನ್ ಜುಲೈನಲ್ಲಿ ಹಾಸನ ಜಿಲ್ಲೆಯ ಹಠಾತ್ ಸಾವುಗಳು ಸುದ್ದಿಯಾದಾಗ, ರಾಜ್ಯದ ಆಸ್ಪತ್ರೆಗಳ ಮುಂದೆ ಜನ ಸಾಲುಗಟ್ಟಿದ್ದರು. ಭಯ ತಂದ ಎಚ್ಚರ ಭಯದೊಂದಿಗೇ ಇಳಿದುಹೋಗುತ್ತದೆ. ದಿನವೂ ಉಳಿಯುವ ಎಚ್ಚರಕ್ಕೆ ಬೇರೆಯ ಆಧಾರ ಬೇಕು.

ಉಪವಾಸ ಮತ್ತು ಸೂರ್ಯಾಸ್ತ

ಈಗ ಮೊದಲನೆಯ ಸಮಾಧಾನಕ್ಕೆ ಬರಬಹುದು. ತತ್ತ್ವಾರ್ಥಸೂತ್ರವು ಹೇಳುವ ಷೋಡಶ ಭಾವನೆಗಳಲ್ಲಿ ತ್ಯಾಗ ಮತ್ತು ತಪಸ್ಸುಗಳೆರಡಕ್ಕೂ ‘ಶಕ್ತಿತಃ’ ಎಂಬ ವಿಶೇಷಣ ಅಂಟಿಕೊಂಡೇ ಇದೆ. ಶಕ್ತಿಯನ್ನು ಬಚ್ಚಿಡಬಾರದು, ಶಕ್ತಿಯನ್ನು ಮೀರಲೂಬಾರದು. ಬಾಹ್ಯತಪಸ್ಸು ಆರು ಬಗೆ. ಅನಶನವು ಅವುಗಳಲ್ಲಿ ಒಂದು ಮಾತ್ರ. ಅವಮೋದರ್ಯವೆಂದರೆ ಹಸಿವೆಗಿಂತ ಕಡಿಮೆ ಉಣ್ಣುವುದು. ರಸಪರಿತ್ಯಾಗವೆಂದರೆ ಹಾಲು, ಮೊಸರು, ತುಪ್ಪ, ಎಣ್ಣೆ, ಸಿಹಿ, ಉಪ್ಪುಗಳನ್ನು ಶಕ್ತ್ಯನುಸಾರ ಬಿಡುವುದು. ಹೃದ್ರೋಗಿಗೆ ವೈದ್ಯರು ಹೇಳುವ ಪಥ್ಯಕ್ಕೂ ಈ ಪಟ್ಟಿಗೂ ಇರುವ ಸಾಮ್ಯ ಗಮನಾರ್ಹ. ಉಪ್ಪು ಕಡಿಮೆಯಾದರೆ ರಕ್ತದೊತ್ತಡ ಇಳಿಯುತ್ತದೆ. ಜಿಡ್ಡು ಕಡಿಮೆಯಾದರೆ ಗುಳಿಗೆಯ ಕೆಲಸ ಸುಗಮವಾಗುತ್ತದೆ.

ಆದರೆ ಮನುಷ್ಯನ ಮನಸ್ಸು ವಿಚಿತ್ರವಾದುದು. ಪರ್ವದಲ್ಲಿ ಎರಡು ದಿನ ನಿರಾಹಾರವಾಗಿರಲು ಸಿದ್ಧನಾದವನು ವರ್ಷವಿಡೀ ಅಪ್ಪೆಮಿಡಿಯ ಉಪ್ಪಿನಕಾಯಿಯನ್ನು ಬಿಡಲು ಒಪ್ಪುವುದಿಲ್ಲ. ಗುಳಿಗೆಯನ್ನು ತ್ಯಜಿಸುವ ವೈರಾಗ್ಯವು ಹೊಗೆಸೊಪ್ಪಿನ ಕವಳವನ್ನು ತ್ಯಜಿಸುವಲ್ಲಿ ಕಾಣಿಸಿಕೊಳ್ಳುವುದಿಲ್ಲ. ತಂಬಾಕು ರಕ್ತನಾಳವನ್ನು ಸಂಕುಚಿಸುತ್ತದೆ, ರಕ್ತ ಹೆಪ್ಪುಗಟ್ಟುವುದನ್ನು ಹೆಚ್ಚಿಸುತ್ತದೆ. ಗುಳಿಗೆ ಕಟ್ಟಿದ್ದನ್ನು ಅದು ಕೆಡವುತ್ತದೆ. ಯಾವುದು ಪ್ರಿಯವೋ ಅದನ್ನು ಬಿಟ್ಟರೆ ತ್ಯಾಗ. ಯಾವುದು ಕಿರಿಕಿರಿಯೋ ಅದನ್ನು ಬಿಟ್ಟು ತ್ಯಾಗವೆಂದು ಕರೆದುಕೊಳ್ಳುವುದು ಆತ್ಮವಂಚನೆ.

ಉಪವಾಸದಿಂದ ಆಗಬಹುದಾದ ಕೇಡು ಔಷಧಿಗನುಗುಣವಾಗಿ ಬೇರೆಬೇರೆ. ಸ್ಟ್ಯಾಟಿನ್ ಒಂದು ದಿನ ತಪ್ಪಿದರೆ ಆಕಾಶ ಬೀಳುವುದಿಲ್ಲ. ಹೊಸದಾಗಿ ಸ್ಟೆಂಟ್ ಹಾಕಿಸಿಕೊಂಡವನು ಆಸ್ಪಿರಿನ್ ಮತ್ತು ಕ್ಲೊಪಿಡೊಗ್ರೆಲ್‌ಗಳನ್ನು ನಿಲ್ಲಿಸಿದರೆ ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟಿ ಪ್ರಾಣಕ್ಕೇ ಎರವಾಗಬಹುದು. ಮೆಟೊಪ್ರೊಲಾಲ್‌ನಂತಹ ಔಷಧಿಯನ್ನು ಥಟ್ಟನೆ ನಿಲ್ಲಿಸಿದರೆ ಎದೆಬಡಿತ, ಎದೆನೋವು ಮರುಕಳಿಸಬಹುದು. ನೀರು ಇಳಿಸುವ ಗುಳಿಗೆಯನ್ನು ನುಂಗುತ್ತಲೇ ನಿರ್ಜಲ ಉಪವಾಸ ಮಾಡಿದರೆ ರಕ್ತದೊತ್ತಡ ಕುಸಿದು ಮೂತ್ರಪಿಂಡಕ್ಕೆ ಪೆಟ್ಟಾಗುತ್ತದೆ. ವಾರ್ಫರಿನ್ ಸೇವಿಸುವವನಿಗೆ ಊಟದ ಏರುಪೇರಿನಿಂದಲೇ ರಕ್ತ ಅತಿಯಾಗಿ ತೆಳುವಾಗಬಹುದು. ಸಕ್ಕರೆ ಕಾಯಿಲೆಯೂ ಜೊತೆಗಿದ್ದು ಅದರ ಗುಳಿಗೆ ನುಂಗಿ ಉಪವಾಸವಿದ್ದರೆ ಸಕ್ಕರೆ ಇಳಿದು ಎಚ್ಚರ ತಪ್ಪಬಹುದು. ಇಷ್ಟೊಂದು ಭೇದಗಳಿರುವಾಗ ವೈದ್ಯರಿಗೆ ತಿಳಿಸದೆ ಉಪವಾಸ ಕೈಕೊಳ್ಳುವುದು ಸತ್ಯಾಣುವ್ರತಕ್ಕೂ ಸಲ್ಲದು. ವೈದ್ಯರು ಬೇಡವೆಂದಾರು ಎಂಬ ಅಂಜಿಕೆಯಿಂದ ಮುಚ್ಚಿಡುವುದು ತನ್ನನ್ನು ತಾನೇ ವಂಚಿಸಿಕೊಂಡಂತೆ.

ರಾತ್ರಿಭೋಜನ ತ್ಯಾಗದ ವಿಷಯದಲ್ಲಿ ಕೇಳಿದರೆ ಬಹುಮಟ್ಟಿಗೆ ದಾರಿ ಸಿಗುತ್ತದೆ. ಸಿಮ್ವಾಸ್ಟ್ಯಾಟಿನ್ ದೇಹದಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಯಕೃತ್ತಿನ ಕೊಲೆಸ್ಟರಾಲ್ ತಯಾರಿಕೆ ರಾತ್ರಿಯಲ್ಲಿ ಹೆಚ್ಚು. ಆದ್ದರಿಂದ ಅದನ್ನು ಸಂಜೆಗೆ ಹೇಳುತ್ತಾರೆ. ಅಟೊರ್ವಾಸ್ಟ್ಯಾಟಿನ್ ಮತ್ತು ರೊಸುವಾಸ್ಟ್ಯಾಟಿನ್‌ಗಳು ದೀರ್ಘಕಾಲ ನಿಲ್ಲುವಂಥವು; ಅವನ್ನು ದಿನದ ಯಾವ ಹೊತ್ತಿನಲ್ಲಾದರೂ ಸೇವಿಸಬಹುದು. ದಿನಕ್ಕೆರಡು ಬಾರಿಯ ಟಿಕಾಗ್ರೆಲರ್ ಸೂರ್ಯೋದಯದ ಬಳಿಕ ಒಂದು, ಸೂರ್ಯಾಸ್ತಕ್ಕೆ ಮುನ್ನ ಒಂದು ಎಂದು ಹೊಂದಿಕೊಳ್ಳಬಲ್ಲದು. ‘ರಾತ್ರಿ ಊಟವಾದ ಮೇಲೆ’ ಎಂದು ಚೀಟಿಯಲ್ಲಿ ಬರೆದದ್ದು ಅನೇಕ ವೇಳೆ ವೈದ್ಯರ ರೂಢಿಯ ಮಾತು. ತನ್ನ ನಿಯಮ ಇಂಥದ್ದೆಂದು ರೋಗಿಯು ಸಂಕೋಚವಿಲ್ಲದೆ ಹೇಳಿದರೆ ಅದು ಬದಲಾಗುತ್ತದೆ. ಹೇಳದೆ ಹೋದರೆ ಗುಳಿಗೆಯೇ ಬಿಟ್ಟುಹೋಗುತ್ತದೆ. ಆದರೆ ನಡುರಾತ್ರಿ ಎದೆ ಹಿಂಡಿದಾಗ ನಾಲಗೆಯ ಕೆಳಗಿಡುವ ಗುಳಿಗೆಗೆ ಸೂರ್ಯೋದಯವನ್ನು ಕಾಯುವಂತಿಲ್ಲ. ವ್ರತ ಸ್ವೀಕರಿಸುವಾಗಲೇ ಗುರುಗಳ ಸಮ್ಮುಖದಲ್ಲಿ ಔಷಧಿಯ ವಿನಾಯಿತಿಯನ್ನು ಬಾಯಿಬಿಟ್ಟು ಹೇಳಿಕೊಂಡಿದ್ದರೆ ಆ ಘಳಿಗೆಯಲ್ಲಿ ರೋಗಿಗೂ ಮನೆಯವರಿಗೂ ಧರ್ಮಸಂಕಟವಿರುವುದಿಲ್ಲ.

ಔಷಧಿಯಲ್ಲಿರುವ ಹಿಂಸೆ

ಎರಡನೆಯ ಸಮಾಧಾನದಲ್ಲಿ ಸತ್ಯಾಂಶವಿದೆ. ಅದನ್ನು ಹಾರಿಸಿ ಮಾತನಾಡುವುದು ಸರಿಯಲ್ಲ. ಅನೇಕ ಕ್ಯಾಪ್ಸೂಲುಗಳ ಹೊರಕವಚ ಜಿಲೆಟಿನ್; ಅದು ಪ್ರಾಣಿಗಳ ಮೂಳೆ ಚರ್ಮಗಳಿಂದ ಬರುತ್ತದೆ. ಹೃದಯಾಘಾತದಲ್ಲಿ ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಚುಚ್ಚುಮದ್ದು ಹಂದಿಯ ಕರುಳಿನ ಒಳಪೊರೆಯಿಂದ ತಯಾರಾಗುತ್ತದೆ. ಹೃದಯದ ಕವಾಟ ಕೆಟ್ಟಾಗ ಹಾಕುವ ಒಂದು ಬಗೆಯ ಕವಾಟಗಳನ್ನು ಹಂದಿ ಅಥವಾ ದನದ ಅಂಗಾಂಶದಿಂದ ಮಾಡುತ್ತಾರೆ. ಸ್ಟ್ಯಾಟಿನ್‌ನ ಇತಿಹಾಸವೂ ಇದಕ್ಕೆ ಹೊರತಲ್ಲ. ಜಪಾನಿನ ಅಕಿರಾ ಎಂಡೊ 1971ರಲ್ಲಿ ಆರಂಭಿಸಿ ಎರಡು ವರ್ಷ ಆರು ಸಾವಿರಕ್ಕೂ ಹೆಚ್ಚು ಶಿಲೀಂಧ್ರಗಳನ್ನು ಪರೀಕ್ಷಿಸಿ, ಕ್ಯೋಟೋ ನಗರದ ಧಾನ್ಯದಂಗಡಿಯ ಅಕ್ಕಿಯಲ್ಲಿ ಸಿಕ್ಕ ಬೂಷ್ಟಿನಿಂದ ಮೊದಲ ಸ್ಟ್ಯಾಟಿನ್ ಪಡೆದರು. ಅದು ಇಲಿಗಳಲ್ಲಿ ವಿಫಲವಾಗಿ ಕೋಳಿಗಳಲ್ಲಿಯೂ ನಾಯಿಗಳಲ್ಲಿಯೂ ಸಫಲವಾದ ಮೇಲೆಯೇ ಮನುಷ್ಯರವರೆಗೆ ಬಂದಿತು. 1987ರಲ್ಲಿ ಲೊವಾಸ್ಟ್ಯಾಟಿನ್ ಮಾರುಕಟ್ಟೆಗೆ ಬಂದ ಬಳಿಕ ಕೋಟ್ಯಂತರ ಜನ ಇದರಿಂದ ಪ್ರಯೋಜನ ಪಡೆದರು. 2024ರಲ್ಲಿ ಎಂಡೊ ನಿಧನರಾದಾಗ ಲೋಕ ಅವರನ್ನು ಕೃತಜ್ಞತೆಯಿಂದ ನೆನೆಯಿತು. ಆ ಮೂಕಪ್ರಾಣಿಗಳನ್ನು ನೆನೆದವರು ಕಡಿಮೆ.

ಈ ಋಣವನ್ನು ಒಪ್ಪಿಕೊಂಡ ಮೇಲೆ ಮಾಡಬೇಕಾದುದೇನು? ಕನ್ನಡ ನಾಡಿನ ಜೈನ ವೈದ್ಯಪರಂಪರೆ ಇದಕ್ಕೆ ದಾರಿ ತೋರಿಸಿದೆ. ಉಗ್ರಾದಿತ್ಯಾಚಾರ್ಯರ ‘ಕಲ್ಯಾಣಕಾರಕ’ವು ಮದ್ಯ, ಮಾಂಸ, ಮಧುಗಳಿಲ್ಲದ ಚಿಕಿತ್ಸೆಯನ್ನು ವಿಸ್ತಾರವಾಗಿ ನಿರೂಪಿಸಿದ ಗ್ರಂಥ, ಔಷಧಿಯಲ್ಲಿ ಮಾಂಸ ನಿರುಪಯುಕ್ತವೆಂದು ವಾದಿಸುವ ಪ್ರಕರಣವೂ ಅದರಲ್ಲಿದೆ. ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ವೈದ್ಯಗ್ರಂಥವನ್ನು ಕನ್ನಡಕ್ಕೆ ತಂದನು. ಹದಿನಾಲ್ಕನೆಯ ಶತಮಾನದ ಮಂಗರಾಜನು ‘ಖಗೇಂದ್ರಮಣಿದರ್ಪಣ’ದಲ್ಲಿ ವಿಷಚಿಕಿತ್ಸೆಯನ್ನು ಬರೆದನು. ಹಿಂಸೆಯಿದೆಯೆಂದು ಈ ಹಿರಿಯರು ಔಷಧಿಯನ್ನು ತ್ಯಜಿಸಲಿಲ್ಲ. ಔಷಧಿಯಿಂದ ಹಿಂಸೆಯನ್ನು ತೆಗೆಯಲು ಶ್ರಮಿಸಿದರು.

ಇಂದಿನ ಗೃಹಸ್ಥನಿಗೂ ಆ ಶ್ರಮದಲ್ಲಿ ಪಾಲುಂಟು. ಹೃದಯದ ನಿತ್ಯದ ಔಷಧಿಗಳಲ್ಲಿ ಬಹುಪಾಲು ಕ್ಯಾಪ್ಸೂಲಿನ ಬದಲು ಗುಳಿಗೆಯ ರೂಪದಲ್ಲಿಯೇ ದೊರೆಯುತ್ತವೆ. ಸಸ್ಯಮೂಲದ ಕವಚದ ಕ್ಯಾಪ್ಸೂಲುಗಳೂ ಇವೆ. ಅಟೊರ್ವಾಸ್ಟ್ಯಾಟಿನ್ ಸಂಪೂರ್ಣವಾಗಿ ರಾಸಾಯನಿಕ ತಯಾರಿಕೆ. ಹೆಪಾರಿನ್‌ಗೆ ಬದಲಾಗಿ ಕೆಲವು ಸಂದರ್ಭಗಳಲ್ಲಿ ಪ್ರಾಣಿಮೂಲವಿಲ್ಲದ ಫೊಂಡಾಪ್ಯಾರಿನಕ್ಸ್ ಬಳಸಬಹುದು. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆ ರೂಪಿಸಿದ, 1990ರ ಡಿಸೆಂಬರಿನಲ್ಲಿ ಮೊದಲ ಬಾರಿಗೆ ರೋಗಿಗೆ ಅಳವಡಿಸಲಾದ ಚಿತ್ರಾ ಕವಾಟದಲ್ಲಿ ಪ್ರಾಣಿಯ ಅಂಗಾಂಶವಿಲ್ಲ. ಆದರೆ ಅಂಥ ಕವಾಟ ಹಾಕಿಸಿಕೊಂಡವನು ಜೀವನಪರ್ಯಂತ ವಾರ್ಫರಿನ್ ಸೇವಿಸಬೇಕು. ಎಲ್ಲ ರೋಗಿಗೂ ಎಲ್ಲ ಆಯ್ಕೆಯೂ ಸಲ್ಲದು. ಆರೋಗ್ಯವಾಗಿರುವಾಗ, ಸಮಯವಿರುವಾಗ ವೈದ್ಯರೊಡನೆ ಇವನ್ನು ಚರ್ಚಿಸುವುದು ವಿವೇಕ. ಆಂಬುಲೆನ್ಸಿನಲ್ಲಿ ಮಲಗಿದವನ ತಲೆಯ ಬಳಿ ನಿಂತು ಹೆಪಾರಿನ್ ಬೇಡವೆಂದು ವಾದಿಸುವುದು ಅವಿವೇಕ.

ಹಿಂಸೆಯ ಲಕ್ಷಣವನ್ನು ಹೇಳುವಾಗ ಶಾಸ್ತ್ರಕಾರರು ಪ್ರಮಾದವನ್ನು ಮುಂದಿಟ್ಟಿದ್ದಾರೆ. ಅಜಾಗ್ರತೆಯಿಂದ, ಕಷಾಯಯುಕ್ತ ಮನಸ್ಸಿನಿಂದ ಪ್ರಾಣವನ್ನು ಹರಣ ಮಾಡುವುದೇ ಹಿಂಸೆ. ಆ ಪ್ರಾಣ ಪರರದೇ ಆಗಬೇಕೆಂದಿಲ್ಲ. ಜಿಲೆಟಿನ್ನಿನ ಶಂಕೆಯನ್ನು ನೆಪವಾಗಿಸಿಕೊಂಡು, ಬದಲಿ ಇದೆಯೇ ಎಂದು ಒಂದು ಮಾತೂ ಕೇಳದೆ, ಗುಳಿಗೆಯನ್ನೇ ಬಿಟ್ಟವನು ಒಂದು ಹಿಂಸೆಯನ್ನು ತಪ್ಪಿಸಲು ಹೋಗಿ ಪ್ರಮಾದದ ಇನ್ನೊಂದು ಹಿಂಸೆಗೆ ಬಾಗಿಲು ತೆರೆಯುತ್ತಾನೆ. ಶಿರಸಿಯ ಸುತ್ತಲಿನ ಕಾಡಿನಲ್ಲಿ ಹೊಳೆಮತ್ತಿಯ ತೊಗಟೆ ಸಿಗುತ್ತದೆ, ಅದು ಎದೆಗೆ ಒಳ್ಳೆಯದು ಎಂದು ನಂಬಿ ಸ್ಟೆಂಟಿನ ಗುಳಿಗೆಯನ್ನು ಬಿಡುವವರಿಗೂ ಇದೇ ಮಾತು. ಕಷಾಯವನ್ನು ಕುಡಿಯುವುದಿದ್ದರೆ ವೈದ್ಯರಿಗೆ ಹೇಳಿ ಕುಡಿಯಲಿ. ಗುಳಿಗೆಯ ಜಾಗದಲ್ಲಿ ಅದನ್ನು ಕೂರಿಸದಿರಲಿ.

ಸಲ್ಲೇಖನದ ಹೆಸರಿನಲ್ಲಿ

ಮೂರನೆಯ ಸಮಾಧಾನವೇ ಹೆಚ್ಚು ಗಂಭೀರವಾದುದು. ದೇಹ ನಶ್ವರ ನಿಜ; ಸಮಾಧಿಮರಣದ ಆದರ್ಶವೂ ಪರಂಪರೆಯಲ್ಲಿ ಪೂಜ್ಯವಾದುದು. ಆದರೆ ಆ ಆದರ್ಶಕ್ಕೆ ಕಟ್ಟುನಿಟ್ಟಾದ ನಿಬಂಧನೆಯಿದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಲ್ಲೇಖನಕ್ಕೆ ಕಾರಣಗಳನ್ನು ಎಣಿಸುವಾಗ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗಗಳು ಪ್ರತೀಕಾರವಿಲ್ಲದಂಥವಾಗಿರಬೇಕೆಂದು ಹೇಳಿದ್ದಾರೆ. ಪ್ರತೀಕಾರವಿರುವ ರೋಗಕ್ಕೆ ಅಲ್ಲಿ ಎಡೆಯಿಲ್ಲ.

ಆ ಆಚಾರ್ಯರ ಜೀವನದ ಕುರಿತಾಗಿಯೇ ಪರಂಪರೆಯಲ್ಲಿ ಒಂದು ಕಥೆ ಪ್ರಸಿದ್ಧವಾಗಿದೆ. ಅವರಿಗೆ ಭಸ್ಮಕವೆಂಬ ವ್ಯಾಧಿ ತಗುಲಿತು. ಎಷ್ಟು ಉಂಡರೂ ಹೊಟ್ಟೆಯ ಅಗ್ನಿ ಆರುತ್ತಿರಲಿಲ್ಲ. ಮುನಿಚರ್ಯೆಯ ಮಿತಾಹಾರದಲ್ಲಿ ಅದು ಗುಣವಾಗುವಂತಿರಲಿಲ್ಲ. ಅವರು ಗುರುಗಳ ಬಳಿಗೆ ಹೋಗಿ ಸಲ್ಲೇಖನಕ್ಕೆ ಅಪ್ಪಣೆ ಬೇಡಿದರು. ಗುರುಗಳು ಒಪ್ಪಲಿಲ್ಲ. ಧರ್ಮಪ್ರಭಾವನೆಗಾಗಿ ಇನ್ನೂ ಬದುಕಬೇಕಾದ ಜೀವವೆಂದು ತಿಳಿದು, ದೀಕ್ಷೆಯನ್ನು ಬಿಟ್ಟಾದರೂ ರೋಗವನ್ನು ವಾಸಿ ಮಾಡಿಕೊಂಡು ಬಳಿಕ ಮರಳಿ ದೀಕ್ಷೆ ಪಡೆಯಲು ಆಜ್ಞಾಪಿಸಿದರು. ಶಿಷ್ಯರು ಹಾಗೆಯೇ ನಡೆದರು. ಮಹಾವ್ರತಿಗೇ ವ್ರತವನ್ನು ಬದಿಗಿರಿಸಿ ಚಿಕಿತ್ಸೆ ಪಡೆಯಲು ಹೇಳಿದ ಪರಂಪರೆಯೊಂದು, ಅಣುವ್ರತಿಯಾದ ಗೃಹಸ್ಥನಿಗೆ ವ್ರತದ ನೆಪದಿಂದ ಚಿಕಿತ್ಸೆಯನ್ನು ಬಿಡಲು ಅನುಮತಿಸೀತೇ?

2015ರ ಆಗಸ್ಟ್ 10ರಂದು ರಾಜಸ್ಥಾನ ಉಚ್ಚ ನ್ಯಾಯಾಲಯ ಸಂಥಾರವನ್ನು ಆತ್ಮಹತ್ಯೆಗೆ ಸಮವೆಂದು ತೀರ್ಪಿತ್ತಾಗ ಸಮಾಜವೆಲ್ಲ ಮೌನ ಮೆರವಣಿಗೆ ಮಾಡಿತು. ಅದೇ ತಿಂಗಳ ಕೊನೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಆ ತೀರ್ಪಿಗೆ ತಡೆ ನೀಡಿತು. ಸಲ್ಲೇಖನವು ವಿವೇಕದಿಂದ, ಗುರುಗಳ ಸಮ್ಮುಖದಲ್ಲಿ, ಜೀವಿತಾಶಂಸೆ ಮರಣಾಶಂಸೆಗಳೆರಡನ್ನೂ ಬಿಟ್ಟು ನಡೆಯುವ ಸಾಧನೆ ಎಂದು ಅಂದು ಸಮಾಜ ವಾದಿಸಿತು. ಆ ವಾದಕ್ಕೆ ಬೆಲೆ ಬರಬೇಕಾದರೆ, ಯಾರಿಗೂ ತಿಳಿಸದೆ ಗುಳಿಗೆಯ ಡಬ್ಬಿಯನ್ನು ಗೂಡಿನಲ್ಲಿಟ್ಟು ಅಡಿಕೆ ಕೊಯ್ಲಿನ ನಡುವೆ ಕುಸಿದುಬಿದ್ದ ಸಾವಿಗೆ ಆ ಪವಿತ್ರ ಹೆಸರನ್ನು ಕೊಡಬಾರದು.

ಹಾಗೆಂದು ಗುಳಿಗೆಗಳ ಸಂಖ್ಯೆಗೆ ಎಂದೂ ಕೊನೆಯಿರಬಾರದೆಂದಲ್ಲ. ತೊಂಬತ್ತರ ಹತ್ತಿರದ ಹಿರಿಯರೊಬ್ಬರು ಹೃದಯದ ಶಕ್ತಿ ಪೂರ್ತಿ ಕುಂದಿ ಹಾಸಿಗೆ ಹಿಡಿದಿರುವಾಗ, ಹತ್ತು ವರ್ಷದ ಮುಂದಿನ ಲಾಭಕ್ಕೆಂದು ಕೊಡುವ ಸ್ಟ್ಯಾಟಿನ್‌ಗೆ ಅರ್ಥ ಉಳಿದಿರುವುದಿಲ್ಲ. ವೈದ್ಯರೇ ಅಂಥ ಗುಳಿಗೆಗಳನ್ನು ಒಂದೊಂದಾಗಿ ಇಳಿಸಿ, ಉಬ್ಬಸ ನೋವುಗಳನ್ನು ಶಮನ ಮಾಡುವುದನ್ನು ಮಾತ್ರ ಉಳಿಸುವುದುಂಟು. ಹಿರಿಯರ ಇಚ್ಛೆಯನ್ನು ಕೇಳಿ, ಮನೆಯವರೂ ವೈದ್ಯರೂ ಕುಳಿತು ಮಾತನಾಡಿ ಕೈಗೊಳ್ಳುವ ಆ ನಿರ್ಧಾರದಲ್ಲಿ ಬಚ್ಚಿಡುವುದೇನೂ ಇರುವುದಿಲ್ಲ. ಮುಚ್ಚುಮರೆಯಿಲ್ಲದ ಈ ವಿಚಾರವೇ ತ್ಯಾಗಕ್ಕೂ ಪ್ರಮಾದಕ್ಕೂ ಇರುವ ಗಡಿ.

ಔಷಧದಾನ

ತನ್ನ ಗುಳಿಗೆಯ ಚಿಂತೆಯಲ್ಲಿಯೇ ಮುಗಿದುಹೋಗುವ ವಿಚಾರ ಅಪೂರ್ಣ. ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ನಾಲ್ಕು ದಾನಗಳಲ್ಲಿ ಭೈಷಜ್ಯಕ್ಕೂ ಸ್ಥಾನವಿದೆ. ಔಷಧವನ್ನು ದೇಹಮೋಹದ ವಸ್ತುವೆಂದೇ ಪರಂಪರೆ ಭಾವಿಸಿದ್ದರೆ ಅದರ ದಾನವನ್ನು ಪುಣ್ಯಕಾರ್ಯವೆಂದು ಎಣಿಸುತ್ತಿರಲಿಲ್ಲ.

ತೋಟದ ಒಡೆಯನು ವೈರಾಗ್ಯದಿಂದ ಗುಳಿಗೆ ಬಿಡಬೇಕೇ ಎಂದು ಚರ್ಚಿಸುತ್ತಿರುವಾಗ, ಅದೇ ತೋಟದಲ್ಲಿ ಮರವೇರಿ ಕೊನೆ ಕೊಯ್ಯುವವನು, ಯಲ್ಲಾಪುರದ ಕಾಡಂಚಿನ ಸಿದ್ದಿಯರ ಕೇರಿಯ ಮುದುಕಿ, ಹಣವಿಲ್ಲವೆಂದೋ ಪೇಟೆಗೆ ಹೋಗಲು ದಿನಗೂಲಿ ತಪ್ಪುತ್ತದೆಂದೋ ಗುಳಿಗೆ ಬಿಟ್ಟಿರುತ್ತಾರೆ. ಅವರಿಗೆ ಅದನ್ನು ತ್ಯಾಗವೆಂದು ಕರೆದುಕೊಳ್ಳುವ ಸೌಕರ್ಯವೂ ಇಲ್ಲ. 2008ರಲ್ಲಿ ಆರಂಭವಾದ ಜನೌಷಧಿ ಯೋಜನೆಯ ಮಳಿಗೆಗಳಲ್ಲಿ ಹೃದಯದ ಸಾಮಾನ್ಯ ಗುಳಿಗೆಗಳು ಕಡಿಮೆ ಬೆಲೆಗೆ ದೊರೆಯುತ್ತವೆ. 2017ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಸ್ಟೆಂಟುಗಳ ಬೆಲೆಗೆ ಮಿತಿ ಹಾಕಿತು. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತರು 2018ರಿಂದ ಹಳ್ಳಿಯ ಚಿಕಿತ್ಸಾಲಯಗಳಿಗೆ ಇ.ಸಿ.ಜಿ. ಯಂತ್ರಗಳನ್ನು ಒದಗಿಸಿ, ದೂರದಿಂದಲೇ ಅವುಗಳ ಫಲಿತಾಂಶವನ್ನು ನೋಡಿ ಸಲಹೆ ನೀಡುವ ವ್ಯವಸ್ಥೆಯನ್ನು ಬೆಳೆಸಿದರು. ಪುನೀತ್ ರಾಜಕುಮಾರ್ ಹೆಸರಿನ ಹೃದಯಜ್ಯೋತಿ ಯೋಜನೆಯನ್ನು 2024ರಲ್ಲಿ ಆರಂಭಿಸಿದ ರಾಜ್ಯ ಸರ್ಕಾರ, ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ತಾಲ್ಲೂಕು ಆಸ್ಪತ್ರೆಗಳಲ್ಲಿಯೇ ಉಚಿತವಾಗಿ ನೀಡುವ ವ್ಯವಸ್ಥೆ ಮಾಡಿತು. ಇವೆಲ್ಲ ಆಧುನಿಕ ಭೈಷಜ್ಯದಾನಗಳೇ. ಪರ್ವದ ದಿನಗಳಲ್ಲಿ ಬಸದಿಯ ಅಂಗಳದಲ್ಲಿ ರಕ್ತದೊತ್ತಡ ನೋಡುವ ಏರ್ಪಾಡು, ಪೇಟೆಗೆ ಹೋಗುವವರು ನೆರೆಯವರ ಚೀಟಿಯನ್ನೂ ಒಯ್ದು ಗುಳಿಗೆ ತರುವ ವಾಡಿಕೆ, ರಾತ್ರಿ ಯಾರಿಗೇ ಎದೆನೋವು ಬಂದರೂ ಯಾರ ವಾಹನ ಹೊರಡಬೇಕೆಂಬ ಪೂರ್ವನಿಶ್ಚಯ, ಇವುಗಳಿಗೆ ಸಿರಿವಂತಿಕೆ ಬೇಕಿಲ್ಲ. ವೈಯಾವೃತ್ಯದ ಬುದ್ಧಿ ಸಾಕು.

ಗೂಡಿನಲ್ಲಿಟ್ಟ ಡಬ್ಬಿಯನ್ನು ಶ್ರಾವಕರು ಮತ್ತೆ ಕೈಗೆತ್ತಿಕೊಳ್ಳಲಿ. ದೇಹವೇ ತಾನೆಂಬ ಮೋಹದಿಂದಲ್ಲದೆ, ಸಾವಿನ ಹೆದರಿಕೆಯಿಂದಲೂ ಅಲ್ಲದೆ, ಸಾಧನೆಗೂ ಆಶ್ರಿತರಿಗೂ ಇನ್ನೂ ಬೇಕಾಗಿರುವ ಒಂದು ಉಪಕರಣವನ್ನು ಸುಸ್ಥಿತಿಯಲ್ಲಿಡುವ ಎಚ್ಚರದಿಂದ ಗುಳಿಗೆಯನ್ನು ನುಂಗುವುದಾದರೆ ಆ ಒಂದು ಗುಟುಕು ನೀರೂ ಅಪ್ರಮಾದದ ಅಭ್ಯಾಸವಾದೀತು. ಹಾಗೆ ನುಂಗುವವರು ಅದರ ಹಿಂದಿರುವ ಮೂಕಜೀವಿಗಳ ಋಣವನ್ನು ಮರೆಯದಿರಲಿ, ಕವಳದ ಹೊಗೆಸೊಪ್ಪನ್ನು ಅಂದೇ ಬಿಡಲಿ, ಗುಳಿಗೆ ಕೊಳ್ಳಲಾರದ ನೆರೆಮನೆಯವನ ಚೀಟಿಯನ್ನೂ ಒಮ್ಮೆ ಕೇಳಿ ನೋಡಲಿ.